ಅಮ್ಮನ ಮಂಡಿನೋವಿನ ಡೆಕ್ಸಾ ಮಾತ್ರೆ ಇವತ್ತೇ ನಿಲ್ಲಿಸಬಹುದಾ?

ದಯವಿಟ್ಟು ಇವತ್ತೇ ನಿಲ್ಲಿಸಬೇಡಿ. ಅಮ್ಮ ಆರು ತಿಂಗಳಿಂದ ಮಂಡಿನೋವಿಗೆ ದಿನಾ ಡೆಕ್ಸಾಮೆಥಾಸೋನ್ (ಡೆಕ್ಸಾ) ಅನ್ನೋ ಸ್ಟೀರಾಯ್ಡ್ ಮಾತ್ರೆ ನುಂಗುತ್ತಿದ್ದಾರೆ, ಈಗ ಮುಖ ಊದಿಕೊಂಡಿದೆ ಅಂತ ಬರೆದಿದ್ದೀರಿ. ಇಷ್ಟು ದಿನ ಹೊರಗಿನಿಂದ ಸ್ಟೀರಾಯ್ಡ್ ಬಂದರೆ ಕಿಡ್ನಿ ಮೇಲಿರುವ ಅಡ್ರಿನಲ್ ಗ್ರಂಥಿ ದೇಹಕ್ಕೆ ಬೇಕಾದ ಸ್ಟೀರಾಯ್ಡನ್ನು ತಾನೇ ತಯಾರಿಸೋದು ಕಡಿಮೆ ಮಾಡಿಬಿಡುತ್ತದೆ. ಒಮ್ಮೆಲೇ ಬಿಟ್ಟರೆ ವಿಪರೀತ ಸುಸ್ತು, ವಾಂತಿ ಶುರುವಾಗಬಹುದು, ಬಿಪಿ ಇಳಿದು ಜೀವಕ್ಕೇ ಕುತ್ತು ಬರಬಹುದು. ಡೋಸನ್ನು ಡಾಕ್ಟರೇ ನೋಡಿಕೊಂಡು ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು.

ನಾನು ಸಿಂಧನೂರಿನಲ್ಲಿ ಮೆಡಿಕಲ್ ಶಾಪ್ ನಡೆಸುತ್ತೇನೆ. ಭತ್ತದ ನಾಟಿ ಸಮಯದಲ್ಲಿ ಬಗ್ಗಿ ಬಗ್ಗಿ ಸೊಂಟ ಹಿಡಿದ ಹೆಣ್ಣುಮಕ್ಕಳು ಕಾಗದದ ಪೊಟ್ಟಣ ಬಿಚ್ಚಿ ತೋರಿಸುತ್ತಾರೆ. ‘ಇದೇ ಗುಳಿಗಿ ಕೊಡ್ರಿ ಅಣ್ಣಾ.’ ಒಳಗೆ ಸ್ಟ್ರಿಪ್‌ನಿಂದ ಬಿಡಿಸಿದ ಮೂರ್ನಾಲ್ಕು ಮಾತ್ರೆ. ಹೆಸರಿಲ್ಲ, ಎಷ್ಟು ಮಿಲಿಗ್ರಾಂ ಅಂತಲೂ ಇಲ್ಲ. ನೋಡಿದರೆ ಹೊಟ್ಟೆ ಉರಿಯುತ್ತದೆ. ಡೆಕ್ಸಾ ನುಂಗಿದರೆ ನೋವು ಬೇಗ ಇಳಿಯುತ್ತೆ, ನಂಬಿಕೆ ಬರೋದೇ ಅದಕ್ಕೆ. ಆದರೆ ಸವೆದ ಮಂಡಿ ಹಾಗೇ ಇರುತ್ತದೆ. ಅದರ ಜೊತೆ ಶುಗರ್ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ, ಕಣ್ಣಿಗೆ ಪೊರೆ ಬರಬಹುದು.

‘ಕೋವಿಡ್‌ನಲ್ಲಿ ಜೀವ ಉಳಿಸಿದ್ದು ಇದೇ ಅಲ್ವಾ?’ ಅಂತ ಕೇಳಿದ್ದೀರಿ. ಹೌದು, ಇದೇ. 2020ರಲ್ಲಿ ಬ್ರಿಟನ್ನಿನಲ್ಲಿ ಕೋವಿಡ್ ಔಷಧಿಗಳನ್ನು ಪರೀಕ್ಷಿಸಿದ ‘ರಿಕವರಿ’ ಅನ್ನೋ ಅಧ್ಯಯನದಲ್ಲಿ 2,104 ರೋಗಿಗಳನ್ನು ಡೆಕ್ಸಾ ಗುಂಪಿಗೆ ಸೇರಿಸಿದ್ದರು. ದಿನಕ್ಕೆ 6 ಮಿಲಿಗ್ರಾಂ, ಹೆಚ್ಚೆಂದರೆ 10 ದಿನ. ವೆಂಟಿಲೇಟರ್ ಮೇಲಿದ್ದವರಲ್ಲಿ ಮಾಮೂಲಿ ಚಿಕಿತ್ಸೆಯಷ್ಟೇ ಸಿಕ್ಕವರು 28 ದಿನದೊಳಗೆ ನೂರಕ್ಕೆ ಸುಮಾರು 41 ಮಂದಿ ತೀರಿಕೊಂಡರೆ, ಡೆಕ್ಸಾ ಸಿಕ್ಕವರಲ್ಲಿ ಸುಮಾರು 29. ಆಕ್ಸಿಜನ್ ಬೇಕಿಲ್ಲದವರಿಗೆ ಮಾತ್ರ ಲಾಭ ಕಾಣಲೇ ಇಲ್ಲ. ನಿಮ್ಮ ಪ್ರಶ್ನೆಗೆ ಬೇಕಾದ ಉತ್ತರ ಇಲ್ಲೇ ಇದೆ ಅನಿಸುತ್ತದೆ. ಯಾರಿಗೆ, ಎಷ್ಟು, ಎಷ್ಟು ದಿನ ಅನ್ನೋದು ಗೊತ್ತಿದ್ದಾಗ ಇದು ದೊಡ್ಡ ಔಷಧಿ. ದಿನ ತುಂಬುವ ಮೊದಲೇ ಹೆರಿಗೆ ಆಗುವ ಹಾಗಿದ್ದರೆ, ಮಗುವಿನ ಶ್ವಾಸಕೋಶ ಬಲಿಯಲಿ ಅಂತ ತಾಯಿಗೂ ಇದನ್ನೇ ಚುಚ್ಚುತ್ತಾರೆ. 12 ಗಂಟೆಗೊಂದರಂತೆ 4 ಇಂಜೆಕ್ಷನ್, ಅಷ್ಟೇ.

ಅಮ್ಮನನ್ನು ಈ ವಾರವೇ ರಾಯಚೂರಿನ ರಿಮ್ಸ್ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಉಳಿದ ಮಾತ್ರೆಗಳನ್ನು ಪೊಟ್ಟಣದ ಸಮೇತ ತೋರಿಸಿ. ಶುಗರ್, ಬಿಪಿ ಎರಡೂ ನೋಡಿಸಿ. ಅಷ್ಟರೊಳಗೆ ವಾಂತಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ, ಇಲ್ಲವೇ ತಲೆ ಸುತ್ತಿ ಬಿದ್ದರೆ, ಓಪಿಡಿ ಚೀಟಿಗೆ ಕಾಯಬೇಡಿ. ನೇರವಾಗಿ ಎಮರ್ಜೆನ್ಸಿಗೆ ಹೋಗಿ, ಆರು ತಿಂಗಳಿಂದ ಸ್ಟೀರಾಯ್ಡ್ ಮೇಲಿದ್ದಾರೆ ಅಂತ ಮೊದಲೇ ಹೇಳಿ.