ಎರಡು ದರಪಟ್ಟಿಯಲ್ಲೂ ‘120 ನಿಮಿಷ’ ಎಂದೇ ಇದೆ, ಅಗ್ಗದ ಗಾಜಿನ ಬಾಗಿಲು ಸಾಲದೇ?

ನಾಲ್ಕು ಮಹಡಿಯ ನರ್ಸಿಂಗ್ ಹೋಮ್‌ಗೆ ಮೆಟ್ಟಿಲ ಬಳಿ ಬೆಂಕಿ ತಡೆಯುವ ಗಾಜಿನ ಬಾಗಿಲು ಬೇಕು, ಎರಡು ದರಪಟ್ಟಿಗಳ ನಡುವೆ ಭಾರಿ ಅಂತರವಿದೆ, ಅಗ್ಗದ್ದನ್ನು ಆರಿಸಿದರೆ ತಪ್ಪೇನು ಎಂದು ಕೇಳಿದ್ದೀರಿ. 16 ವರ್ಷಗಳಿಂದ ಬಾಗಿಲು ಕೂರಿಸುವ ಕೆಲಸದಲ್ಲಿದ್ದೇನೆ. ಸಹಿ ಹಾಕುವ ಮುನ್ನ ಆ 120ಕ್ಕೆ ಮೊದಲು ಯಾವ ಅಕ್ಷರವಿದೆ ನೋಡಿ. 120 ಎಂದರೆ ಬೆಂಕಿಯನ್ನು ಎಷ್ಟು ನಿಮಿಷ ತಡೆಯುತ್ತದೆ ಎಂಬುದು, ಏನನ್ನು ತಡೆಯುತ್ತದೆ ಎಂದು ಹೇಳುವುದು ಅಕ್ಷರ.

ಬರೀ ‘ಇ’ (E) ಇದ್ದರೆ ಜ್ವಾಲೆ ಮತ್ತು ಬಿಸಿ ಅನಿಲ ಆಚೆಗೆ ದಾಟುವುದಿಲ್ಲ, ಅಷ್ಟೇ. ಶಾಖ ದಾಟುತ್ತದೆ. ‘ಇಡಬ್ಲ್ಯು’ (EW) ಆ ಶಾಖವನ್ನು ಒಂದು ಮಿತಿಯೊಳಗೆ ಇಡುತ್ತದೆ. ‘ಇಐ’ (EI) ಆದರೆ ಗಾಜಿನ ಆಚೆ ಬದಿಯ ಉಷ್ಣತೆ ಸರಾಸರಿ 140 ಡಿಗ್ರಿಗಿಂತ ಹೆಚ್ಚು ಏರುವಂತಿಲ್ಲ, ಯಾವ ಒಂದು ಜಾಗದಲ್ಲೂ ಆ ಏರಿಕೆ 180 ಡಿಗ್ರಿ ಮೀರುವಂತಿಲ್ಲ.

ಬಾಗಿಲುಗಳನ್ನು ಸುಟ್ಟು ನೋಡುವ ಪರೀಕ್ಷೆಯ ಕುಲುಮೆಯ ಮುಂದೆ ನಿಂತು ಎರಡನ್ನೂ ನೋಡಿದ್ದೇನೆ. ಒಳಗೆ ಒಂದು ಗಂಟೆಗೆ 945 ಡಿಗ್ರಿ. ‘ಇ’ ಗಾಜು ಒಡೆಯಲಿಲ್ಲ, ನಿಜ. ಆದರೆ ಅದರ ಆಚೆಗಿನ ಕೆಂಡದ ಬಣ್ಣ ನಿಚ್ಚಳವಾಗಿ ಕಾಣುತ್ತಿತ್ತು, ಎರಡು ಮಾರು ದೂರದಲ್ಲಿ ನಿಂತರೂ ಮುಖ ಚುರುಗುಟ್ಟುತ್ತಿತ್ತು. ‘ಇಐ’ ಗಾಜಿನ ಹಾಳೆಗಳ ನಡುವಿನ ಪದರ ಮಾತ್ರ ಸ್ವಲ್ಪ ಹೊತ್ತಿಗೇ ನೊರೆಯಂತೆ ಉಬ್ಬಿತು. ಗಾಜೆಲ್ಲ ಗಟ್ಟಿ ಮೊಸರಿನ ಹಾಗೆ ಬೆಳ್ಳಗಾಗಿ ಬೆಂಕಿಯೇ ಮರೆಯಾಯಿತು. ನಿಮ್ಮಲ್ಲಿ ಆ ಗಾಜಿನ ಪಕ್ಕದಲ್ಲಿ ಹಾದುಹೋಗುವವರು ಯಾರು? ಸ್ಟ್ರೆಚರ್ ಮೇಲಿರುವವರು, ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ನಡೆಯುವ ಬಾಣಂತಿಯರು. ಅವರು ಓಡಲಾರರು. ದಯವಿಟ್ಟು ‘ಇಐ’ ಬಿಟ್ಟು ಬೇರೇನನ್ನೂ ಹಾಕಬೇಡಿ. ದುಡ್ಡು ಸಾಲದಿದ್ದರೆ ಶಾಖ ತಡೆಯುವ ಉಕ್ಕಿನ ಬಾಗಿಲು ಮಾಡಿಸಿ, ಆಚೆ ಕಡೆ ಕಾಣುವಷ್ಟು ಸಣ್ಣ ಗಾಜಿಡಿ. ಸಾಮಾನ್ಯ ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ) ಗಾಜು ಮಾತ್ರ ಬೇಡವೇ ಬೇಡ. ಅದು ಬೆಂಕಿಯಲ್ಲಿ ಕೆಲವೇ ನಿಮಿಷಗಳಲ್ಲಿ ಪುಡಿಯಾಗುತ್ತದೆ.

ಗಾಜಿಗಿಂತ ಹೆಚ್ಚು ಜಗಳ ನಾನು ಆಡಿರುವುದು ಚೌಕಟ್ಟಿಗಾಗಿ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಗೆ, ಕುಲುಮೆ ಆ ಬಿಸಿಯನ್ನು ಹತ್ತನೇ ನಿಮಿಷಕ್ಕೇ ದಾಟಿರುತ್ತದೆ. ಮಾಮೂಲಿ ಅಲ್ಯೂಮಿನಿಯಂ ಸೆಕ್ಷನ್‌ನಲ್ಲಿ ಎಂಥ ಗಾಜು ಕೂರಿಸಿದರೂ ಅದು ಕೆಳಗೆ ಬೀಳುತ್ತದೆ. ಒಂದು ಕಟ್ಟಡದಲ್ಲಿ ಅನುಮಾನ ಬಂದು ಗಾಜು ಹಿಡಿದಿದ್ದ ಪಟ್ಟಿಯನ್ನು ಬಿಚ್ಚಿಸಿದೆ. ಒಳಗೆ ಅಷ್ಟು ದುಬಾರಿ ಗಾಜು ಪ್ಲೈವುಡ್ ಚೂರುಗಳ ಮೇಲೆ ಕೂತಿತ್ತು, ಸುತ್ತ ಸ್ನಾನದ ಮನೆಗೆ ಬಳಿಯುವ ಸಿಲಿಕೋನ್. ಬಿಸಿಗೆ ಉಬ್ಬಿ ಸಂದು ಮುಚ್ಚಬೇಕಾದ ಸೀಲ್ ಎಲ್ಲೂ ಇರಲಿಲ್ಲ. ಅಷ್ಟೂ ಬಾಗಿಲುಗಳನ್ನು ಕಳಚಿ ಮತ್ತೆ ಕೂರಿಸಿದೆವು.

ಆದ್ದರಿಂದ ಗಾಜಿನ ಪ್ರಮಾಣಪತ್ರವನ್ನಷ್ಟೇ ತೋರಿಸಿದರೆ ಒಪ್ಪಬೇಡಿ. ಗಾಜು, ಚೌಕಟ್ಟು, ಹಿಂಜು, ಬೀಗ, ಸೀಲ್ ಎಲ್ಲ ಸೇರಿದ ಇಡೀ ಬಾಗಿಲನ್ನು ಸುಟ್ಟು ನೋಡಿದ ಪರೀಕ್ಷಾ ವರದಿ ಕೇಳಿ. ಅದು ಭಾರತೀಯ ಮಾನಕ ಐಎಸ್ 3614 ಅಥವಾ ಯುರೋಪಿನ ಮಾನಕ ಇಎನ್ 1634-1 ಪ್ರಕಾರದ್ದಿರಲಿ. ವರದಿಯಲ್ಲಿರುವ ಅಳತೆಗಿಂತ ನಿಮ್ಮ ಬಾಗಿಲು ದೊಡ್ಡದೇ, ಅಲ್ಲಿ ಒಂದು ಕದವಿದ್ದು ನಿಮ್ಮದಕ್ಕೆ ಎರಡು ಕದವೇ ಎಂಬುದನ್ನೂ ನೋಡಿ. ‘ಇಐ 120’ ಗಾಜು ಚದರ ಮೀಟರಿಗೆ ನೂರು ಕಿಲೋ ದಾಟುವುದೂ ಉಂಟು, ಹಿಂಜಿನಲ್ಲಿ ಉಳಿತಾಯ ಮಾಡಿದರೆ ಕದ ಜೋತುಬೀಳುತ್ತದೆ. ಪದರವಿರುವ ಈ ಗಾಜನ್ನು ಸ್ಥಳದಲ್ಲಿ ಕತ್ತರಿಸುವಂತಿಲ್ಲ. ಗಾಜು ಬಂದಿಳಿದ ದಿನ ಅಂಚಿನ ಟೇಪನ್ನು ಬೆರಳಿಂದ ಸವರಿ ನೋಡಿ, ಹರಿದಿದ್ದರೆ ವಾಪಸು ಕಳಿಸಿ. ಅಲ್ಲಿಂದ ತೇವ ಹೊಕ್ಕು ಒಳಪದರ ಕೆಡುತ್ತದೆ.

ಇನ್ನು ಡೋರ್ ಕ್ಲೋಸರ್, ಅಂದರೆ ತೆರೆದ ಕದವನ್ನು ತಾನಾಗಿ ಮುಚ್ಚುವ ಸಾಧನ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದು ಒಂಬತ್ತು ಜನ ಸತ್ತರು. ಅಂದು ಮೇಲಿನ ಮಹಡಿಗಳವರನ್ನು ಕಂಗೆಡಿಸಿದ್ದು ಹೊಗೆ. ಬಾಗಿಲು ತಾನಾಗಿ ಮುಚ್ಚಿಕೊಳ್ಳದಿದ್ದರೆ, ಹೊಗೆ ತಡೆಯುವ ಸೀಲ್ ಇಲ್ಲದಿದ್ದರೆ, ಮೇಲೆ ಹೇಳಿದ ಯಾವುದೂ ಉಪಯೋಗಕ್ಕೆ ಬರುವುದಿಲ್ಲ. ಟ್ರಾಲಿ ಓಡಾಡಲಿ ಎಂದು ಆಸ್ಪತ್ರೆಗಳಲ್ಲಿ ಕದಕ್ಕೆ ಇಟ್ಟಿಗೆ ಒತ್ತಿಡುತ್ತಾರೆ, ಕಂಡಾಗಲೆಲ್ಲ ಹೊಟ್ಟೆ ಉರಿಯುತ್ತದೆ. ತೆರೆದಿಡಲೇಬೇಕಾದರೆ ಅಲಾರಾಂಗೆ ಜೋಡಿಸಿದ ಅಯಸ್ಕಾಂತದ ಹಿಡಿಕೆ ಸಿಗುತ್ತದೆ, ಅಲಾರಾಂ ಹೊಡೆದೊಡನೆ ಕದವನ್ನು ಬಿಡುತ್ತದೆ. ದರಪಟ್ಟಿಯಲ್ಲಿ ಅದನ್ನು ಈಗಲೇ ಸೇರಿಸಿ.

ಎರಡೂ ಕಡೆಯಿಂದ ಪರೀಕ್ಷಾ ವರದಿ ತರಿಸಿಕೊಂಡ ಮೇಲೆ ನಿಮ್ಮ ಬಾಗಿಲಿನ ಅಗಲ, ಎತ್ತರ ಬರೆದು ತಿಳಿಸಿ. ಹೊಂದುತ್ತದೆಯೋ ಇಲ್ಲವೋ ಓದಿ ಹೇಳುತ್ತೇನೆ.