ಪಬ್ಬಿಗೆ ಹೋದರೆ ಕುಡಿಯಲೇಬೇಕಾ?

ಪ್ರಶ್ನೆ: ಇಂಗ್ಲೆಂಡಿನ ಡರ್ಬಿಯಲ್ಲಿರುವ ಮಗಳ ಮನೆಗೆ ಬಂದಿದ್ದೇನೆ. ಡರ್ವೆಂಟ್ ನದಿ ಕಣಿವೆಯಲ್ಲಿ ಹಳೆ ರೈಲು ದಾರಿ, ಕಾಲುವೆ, ಪಬ್ಬು ಎಲ್ಲ ಇವೆಯಂತೆ. ಒಂದೇ ದಿನಕ್ಕೆ ನೋಡಬಹುದಾ? ಮೊಣಕಾಲು ನೋವಿದೆ. ಕುಡಿಯುವ ಅಭ್ಯಾಸವಿಲ್ಲ, ಪಬ್ಬಿಗೆ ಹೋದರೆ ಏನಾದರೂ ಅಂದುಕೊಳ್ಳುತ್ತಾರಾ?

ಉತ್ತರ: ಮೊದಲು ಮೊಣಕಾಲಿನ ವಿಷಯ. ಡರ್ಬಿಯಿಂದ ಮ್ಯಾಟ್ಲಾಕ್ ಕಡೆ ಹೋಗುವ ರೈಲು ಹತ್ತಿ ಕ್ರಾಮ್‌ಫರ್ಡ್‌ನಲ್ಲಿ ಇಳಿಯಿರಿ. ರಿಚರ್ಡ್ ಆರ್ಕ್‌ರೈಟ್ ಎಂಬ ಉದ್ಯಮಿ 1771ರಲ್ಲಿ ಶುರು ಮಾಡಿದ ಹತ್ತಿ ಗಿರಣಿ ಇರುವುದು ಅಲ್ಲೇ. ಗಿರಣಿ ಎದುರಿಗೇ ಕಾಲುವೆ ಶುರು. 1794ರದ್ದು. ಕುದುರೆಗಳು ದೋಣಿ ಎಳೆಯುತ್ತಿದ್ದ ದಂಡೆ ಮೇಲೆ ನಡೆಯಬೇಕು. ಈ ಭಾಗದಲ್ಲಿ ನೀರಿನ ಮಟ್ಟ ಏರಿಸಿ ಇಳಿಸುವ ಲಾಕ್ ಒಂದೂ ಇಲ್ಲ. ಹಾಗಾಗಿ ದಾರಿಯೂ ಸಮತಟ್ಟು. ನನ್ನ ಮೊಣಕಾಲೂ ಸುಮಾರಿನದ್ದೇ, ತಕರಾರು ಮಾಡಲಿಲ್ಲ.

ಎರಡು ಕಿಲೋಮೀಟರಿನೊಳಗೆ ಹೈ ಪೀಕ್ ಜಂಕ್ಷನ್ ಸಿಗುತ್ತದೆ. ನನಗೆ ತುಂಬ ಇಷ್ಟವಾದ ಜಾಗ ಇದು. ಇಲ್ಲಿಂದ ಗುಡ್ಡದಾಚೆಯ ಇನ್ನೊಂದು ಕಾಲುವೆಗೆ 33 ಮೈಲಿಯ ರೈಲು ದಾರಿ ಹಾಕಿದ್ದರು. ತೆರೆದದ್ದು 1830-31ರಲ್ಲಿ. ಮೊದಲು ಕಾಲುವೆಯನ್ನೇ ತೋಡುವ ಯೋಚನೆ ಇತ್ತಂತೆ, ಆದರೆ ಸುಣ್ಣಕಲ್ಲಿನ ಗುಡ್ಡದ ಮೇಲೆ ನೀರೆಲ್ಲಿ? ಕಾಲುವೆಯ ನೆನಪು ಮಾತ್ರ ಬಿಡಲಿಲ್ಲ ನೋಡಿ, ಸ್ಟೇಷನ್ನುಗಳಿಗೂ 'ವಾರ್ಫ್' ಅಂತಲೇ ಹೆಸರಿಟ್ಟರು! ವಾರ್ಫ್ ಅಂದರೆ ದೋಣಿಕಟ್ಟೆ, ಅಲ್ವಾ?

ಕಡಿದಾದ ಏರಿನಲ್ಲಿ ವ್ಯಾಗನ್ನುಗಳನ್ನು ಮೇಲೆ ಒಂದೇ ಕಡೆ ನಿಲ್ಲಿಸಿದ್ದ ಹಬೆ ಎಂಜಿನ್ನಿನಿಂದ ಎಳೆಯುತ್ತಿದ್ದರು. 1888ರಲ್ಲಿ ಎರಡು ವ್ಯಾಗನ್ ತಪ್ಪಿಸಿಕೊಂಡು ಕೆಳಗೆ ಓಡಿ, ಕಾಲುವೆಯನ್ನೂ ಪಕ್ಕದ ಜೋಡಿ ರೈಲು ಹಳಿಯನ್ನೂ ಹಾರಿ ಆಚೆ ಬಿದ್ದವು. ಆಮೇಲೆ ಹಾಗೆ ಓಡಿಬರುವ ವ್ಯಾಗನ್ ಬೀಳಲೆಂದೇ ಒಂದು ಗುಂಡಿ ತೋಡಿದರು. ಏರಿನಲ್ಲಿ ಸ್ವಲ್ಪವೇ ಮೇಲೆ ಹೋಗಿ ಅದರೊಳಗೆ ಇಣುಕಿ. ಮುರಿದ ವ್ಯಾಗನ್ ಒಂದು ತುಕ್ಕು ಹಿಡಿದು ಈಗಲೂ ಬಿದ್ದಿದೆ. ಅಷ್ಟು ಸಾಕು, ಪೂರ್ತಿ ಏರು ಹತ್ತಬೇಡಿ. ರೈಲು ನಿಂತದ್ದು 1967ರಲ್ಲಿ, ಈಗ ಅದು ನಡೆಯುವವರ, ಸೈಕಲ್ಲಿನವರ ದಾರಿ.

ಇನ್ನೊಂಚೂರು ಮುಂದೆ ಲೀವುಡ್ ಪಂಪ್‌ಹೌಸ್, 1849ರದ್ದು. ಕಾಲುವೆಗೆ ನದಿ ನೀರೆತ್ತುತ್ತಿತ್ತು. ಅದೂ ಶನಿವಾರ ರಾತ್ರಿ 8ರಿಂದ ಭಾನುವಾರ ರಾತ್ರಿ 8ರವರೆಗೆ ಮಾತ್ರ. ಉಳಿದ ದಿನ ನೀರೆಲ್ಲ ಗಿರಣಿಗಳಿಗೆ. ನೀರಿನ ಜಗಳ ಎಲ್ಲಿ ತಾನೇ ಇಲ್ಲ! ವಾರದ ನೀರನ್ನು ಒಂದೇ ದಿನದಲ್ಲಿ ಎತ್ತಬೇಕಲ್ಲ, ಅದಕ್ಕೇ ಅಷ್ಟು ದೊಡ್ಡ ಎಂಜಿನ್.

ಇನ್ನು ಪಬ್ಬು. ಧಾರಾಳವಾಗಿ ಹೋಗಿ. ನಿಂಬೆ ಸೋಡಾ ಕೇಳಿದರೆ ಯಾರೂ ತಿರುಗಿ ನೋಡುವುದಿಲ್ಲ. ನಾನು ಮೊದಲ ಸಲ ಹೋದಾಗ ಮೂಲೆಯ ಮೇಜಿನಲ್ಲಿ ಕೂತು, ಮಾಣಿ ಬರಲಿ ಅಂತ ಇಪ್ಪತ್ತು ನಿಮಿಷ ಸುಮ್ನೆ ಕಾದೆ. ಮಾಣಿಯೇ ಇಲ್ಲ! ಕೊನೆಗೆ ಪಕ್ಕದ ಅಜ್ಜ ತನ್ನ ಖಾಲಿ ಗ್ಲಾಸು ಎತ್ತಿ ಕಟ್ಟೆಯ ಕಡೆ ತೋರಿಸಿದ. ನಾವೇ ಬಾರ್ ಕಟ್ಟೆಗೆ ಹೋಗಿ ಹೇಳಿ, ದುಡ್ಡು ಕೊಟ್ಟು, ಗ್ಲಾಸು ಹಿಡಿದುಕೊಂಡು ಬರಬೇಕು. ಊಟ ಬೇಕಿದ್ದರೆ ಮಧ್ಯಾಹ್ನ ತಡ ಮಾಡಬೇಡಿ, ಎಷ್ಟೋ ಕಡೆ ಸಂಜೆವರೆಗೆ ಅಡುಗೆಮನೆ ಮುಚ್ಚಿಬಿಡುತ್ತಾರೆ. ಕ್ರಾಮ್‌ಫರ್ಡ್ ಪೇಟೆಯಲ್ಲಿರುವ ಗ್ರೇಹೌಂಡ್ ಎಂಬ ಹಳೆ ಹೋಟೆಲ್ ಕಟ್ಟಡವನ್ನು ಹೊರಗಿನಿಂದಾದರೂ ನೋಡಿ. 1778ರಲ್ಲಿ ಅದನ್ನು ಕಟ್ಟಿಸಿದ್ದೂ ಅದೇ ಗಿರಣಿ ಯಜಮಾನ.

ಕಾಲು ಒಪ್ಪಿದರೆ ದಂಡೆ ಹಿಡಿದು ವಾಟ್‌ಸ್ಟ್ಯಾಂಡ್‌ವೆಲ್‌ವರೆಗೆ ಹೋಗಿ, ಅಲ್ಲೇ ಡರ್ಬಿ ರೈಲು ಹತ್ತಬಹುದು. ರೈಲು ಜಾಸ್ತಿ ಇಲ್ಲ, ಹೊತ್ತು ನೋಡಿಕೊಂಡು ಹೊರಡಿ. ಮಳೆ ಬಂದಿದ್ದರೆ ದಂಡೆ ಕೆಸರಾಗಿರುತ್ತದೆ, ಚಪ್ಪಲಿ ಬೇಡ.