ಫ್ಲೋರೈಡ್ ನೀರಿನ ಊರಿನಲ್ಲಿ ಎಳೆ ಮಗುವಿನ ಹಲ್ಲಿಗೆ ಪೇಸ್ಟ್ ಹಚ್ಚಬಹುದೇ?

ಮಗುವಿಗೆ ಎಂಟು ತಿಂಗಳು, ಕೆಳಗಡೆ ಎರಡು ಹಲ್ಲು ಇಣುಕಿವೆ ಎಂದಿದ್ದೀರಿ. ಊರಿನಲ್ಲಿ ದೊಡ್ಡವರ ಹಲ್ಲೆಲ್ಲ ಕಂದು. ಫ್ಲೋರೈಡ್ ಪೇಸ್ಟ್ ಹಚ್ಚಿದರೆ ಮಗುವಿಗೂ ಹಾಗೇ ಆದೀತೇ ಎಂಬುದು ನಿಮ್ಮ ಹೆದರಿಕೆ. ಜೊತೆಗೆ ಅತ್ತೆಯವರು ವಸಡಿಗೆ ಜೇನು ಸವರುತ್ತಾರೆ.

ಜೇನಿನ ಮಾತು ಮೊದಲು ಮುಗಿಸುತ್ತೇನೆ: ಒಂದು ವರ್ಷ ತುಂಬುವವರೆಗೆ ಬೇಡವೇ ಬೇಡ. ಅದರಲ್ಲಿ ಇರಬಹುದಾದ ಬೊಟುಲಿಸಂ ರೋಗಾಣುವನ್ನು ಎಳೆಯ ಕರುಳು ತಡೆಯಲಾರದು. ಅತ್ತೆಯವರಿಗೆ ನೀವು ಹೇಳುವುದಕ್ಕಿಂತ ಅಂಗನವಾಡಿ ಕಾರ್ಯಕರ್ತೆಯಿಂದ ಹೇಳಿಸಿದರೆ ಮನೆಯಲ್ಲಿ ನೆಮ್ಮದಿ.

ನಾನು ವೈದ್ಯೆಯಲ್ಲ. ಆಂಧ್ರದ ಮಡಕಶಿರಾ ಕಡೆಯ ಕನ್ನಡ ಶಾಲೆಯಲ್ಲಿ ಪಾಠ ಹೇಳುವವಳು, ಎರಡು ಮಕ್ಕಳ ತಾಯಿ. ನೀವು ಹೇಳುವ ಹಲ್ಲನ್ನು ದಿನವೂ ನೋಡುತ್ತೇನೆ. ಮಕ್ಕಳು ಮೂರನೇ ತರಗತಿಗೆ ಬರುವ ಹೊತ್ತಿಗೆ ಮೇಲಿನ ಎರಡು ದೊಡ್ಡ ಹಲ್ಲುಗಳ ಮೇಲೆ ಸುಣ್ಣ ಎಳೆದಂಥ ಅಡ್ಡಗೆರೆಗಳು, ಎಡಕ್ಕೂ ಬಲಕ್ಕೂ ಒಂದೇ ತೆರನಾಗಿ. ವರ್ಷ ಕಳೆದಂತೆ ಗೆರೆಗಳು ಕಂದಾಗುತ್ತವೆ. ಆ ಬಣ್ಣ ಹೊರಗಿನಿಂದ ಹತ್ತಿದ ಕೊಳೆಯಲ್ಲ. ಹಲ್ಲು ದವಡೆಯೊಳಗೆ ರೂಪುಗೊಳ್ಳುವಾಗಲೇ ಹೆಚ್ಚಾದ ಫ್ಲೋರೈಡ್ ಎನಾಮಲ್ ಅನ್ನು, ಎಂದರೆ ಹಲ್ಲಿನ ಗಟ್ಟಿ ಹೊರಪದರವನ್ನು, ಕೆಡಿಸಿರುತ್ತದೆ. ಇಟ್ಟಿಗೆ ಪುಡಿ ಹಾಕಿ ತಿಕ್ಕಿದರೆ ಹಲ್ಲು ಸವೆಯುತ್ತದೆಯೇ ಹೊರತು ಕಲೆ ಹೋಗುವುದಿಲ್ಲ.

ಈಗ ಲೆಕ್ಕಕ್ಕೆ ಬನ್ನಿ. ನಮ್ಮ ದೇಶದಲ್ಲಿ ಪೇಸ್ಟಿನ ಫ್ಲೋರೈಡಿಗೆ 1000 ಪಿಪಿಎಂ ಮಿತಿ, ಎಂದರೆ ಒಂದು ಗ್ರಾಂ ಪೇಸ್ಟಿನಲ್ಲಿ 1 ಮಿಲಿಗ್ರಾಂ. ಅಕ್ಕಿಕಾಳಿನಷ್ಟು ಪೇಸ್ಟು ಸುಮಾರು 0.1 ಗ್ರಾಂ; ಮಗು ಪೂರ್ತಿ ನುಂಗಿದರೂ ಹೊಟ್ಟೆಗೆ ಹೋಗುವುದು 0.1 ಮಿಲಿಗ್ರಾಂ. ನಿಮ್ಮ ಬೋರ್‌ವೆಲ್ ನೀರಿನಲ್ಲಿ ಲೀಟರಿಗೆ 2 ಮಿಲಿಗ್ರಾಂ ಇದೆ ಎಂದಿಟ್ಟುಕೊಳ್ಳಿ. ಅಷ್ಟೇ ಫ್ಲೋರೈಡ್ 50 ಮಿಲಿ ನೀರಿನಲ್ಲೇ ಇದೆ. ಒಂದು ಬಟ್ಟಲು ರಾಗಿ ಸರಿ ಕಾಯಿಸಲು ಎಷ್ಟು ನೀರು ಹಾಕುತ್ತೀರಿ? ಹಾಗಾಗಿ ಹೆದರಬೇಕಾದದ್ದು ಪೇಸ್ಟಿಗಲ್ಲ, ಸರಿ ಬೇಯುವ ನೀರಿಗೆ. ಮಗುವಿನ ಹಾಲುಹಲ್ಲಿನ ಬಹುಪಾಲು ಆಗಲೇ ರೂಪುಗೊಂಡಿದೆ. ಮುಂಬದಿಯ ಕಾಯಂ ಹಲ್ಲುಗಳು ಈಗಿನಿಂದ ನಾಲ್ಕೈದು ವರ್ಷ ವಯಸ್ಸಾಗುವವರೆಗೆ ಒಳಗೇ ತಯಾರಾಗುತ್ತಿರುತ್ತವೆ. ನೀರು ಬದಲಿಸಲು ಇದೇ ಸಮಯ.

ನೀರು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಮಾಮೂಲಿ ಕ್ಯಾಂಡಲ್ ಫಿಲ್ಟರಿನಿಂದಲೂ ಪ್ರಯೋಜನವಿಲ್ಲ. ಆರ್‌ಒ ನೀರು ಅಥವಾ ಶುದ್ಧವಾಗಿ ಹಿಡಿದಿಟ್ಟ ಮಳೆನೀರು ಆಗಬಹುದು. ಆದರೆ ಊರಿನ ಆರ್‌ಒ ಘಟಕದ ಮೆಂಬ್ರೇನ್ (ನೀರು ಸೋಸುವ ಪೊರೆ) ಹಳೆಯದಾಗಿದ್ದರೆ ಕ್ಯಾನಿನ ನೀರನ್ನೂ ನಂಬುವಂತಿಲ್ಲ. ಬೋರ್ ನೀರು, ಕ್ಯಾನ್ ನೀರು ಎರಡನ್ನೂ ಪರೀಕ್ಷೆ ಮಾಡಿಸಿ. ಎಲ್ಲಿ ಎಂದು ಊರಿನ ಸರ್ಕಾರಿ ಕಚೇರಿಯಾದ ಗ್ರಾಮ ಸಚಿವಾಲಯದಲ್ಲಿ ಕೇಳಿ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ಎನ್ನುತ್ತದೆ ಭಾರತೀಯ ಮಾನದಂಡ. ಇದು ನಿಮ್ಮೊಬ್ಬರ ಊರಿನ ಗೋಳಲ್ಲ, ಪಕ್ಕದ ಪಾವಗಡದಲ್ಲೂ ಇದೇ ಕಥೆ. ಎದೆಹಾಲಿನ ಬಗ್ಗೆ ಚಿಂತೆ ಬೇಡ: ತಾಯಿ ಇದೇ ನೀರು ಕುಡಿದರೂ ಹಾಲಿಗೆ ಇಳಿಯುವ ಫ್ಲೋರೈಡ್ ತೀರಾ ಕಡಿಮೆ.

ಇನ್ನು ಹಲ್ಲುಜ್ಜುವ ಬಗೆ. ಮಗುವಿನ ತಲೆ ನಿಮ್ಮ ತೊಡೆಯ ಮೇಲೆ, ಕಾಲು ಎದುರಿಗೆ ಕುಳಿತವರ ಮಡಿಲಿನಲ್ಲಿ. ತೋರುಬೆರಳಿನಿಂದ ತುಟಿ ಸರಿಸಿ, ಹಲ್ಲು ವಸಡಿಗೆ ಸೇರುವ ಅಂಚಿನಲ್ಲಿ ಮೆತ್ತನೆಯ ಪುಟ್ಟ ಬ್ರಷ್ ಆಡಿಸಿ. ಅಳುತ್ತದೆ, ಅಳಲಿ, ಬಾಯಿ ಚೆನ್ನಾಗಿ ತೆರೆಯುತ್ತದೆ! ಹಲ್ಲಿಲ್ಲದ ಕಡೆ ಒದ್ದೆ ಬಟ್ಟೆಯಿಂದ ವಸಡು ಒರೆಸಿದರೆ ಸಾಕು. ಮೇಲಿನ ಹಲ್ಲು ಬಂದ ಮೇಲೆ ಆಗಾಗ ತುಟಿ ಎತ್ತಿ ನೋಡಿ. ವಸಡಿನಂಚಿನಲ್ಲಿ ಮಂಕಾದ ಬಿಳಿ ಪಟ್ಟಿ ಕಂಡರೆ ಅದು ನೀರಿನ ಕಲೆ ಎಂದು ಸುಮ್ಮನಾಗಬೇಡಿ, ಹುಳುಕಿನ ಆರಂಭವಿರಬಹುದು. ಬಾಟಲಿ ಬಾಯಲ್ಲಿಟ್ಟುಕೊಂಡೇ ನಿದ್ದೆ ಹೋಗುವ ಮಕ್ಕಳಿಗೆ ಮೊದಲು ಹಾಳಾಗುವುದು ಈ ಮೇಲಿನ ಮುಂಬದಿಯ ಹಲ್ಲುಗಳೇ.

ಹಲ್ಲು ಬರುವಾಗ ಜೊಲ್ಲು, ಕಿರಿಕಿರಿ, ಸ್ವಲ್ಪ ಮೈ ಬೆಚ್ಚಗಾಗುವುದು ಇದ್ದದ್ದೇ. ಕೈ ತೊಳೆದು ವಸಡನ್ನು ಬೆರಳಿನಿಂದ ತಿಕ್ಕಿ, ತಣ್ಣಗಿನ ಒದ್ದೆ ಬಟ್ಟೆ ಕಚ್ಚಲು ಕೊಡಿ. ಮರಗಟ್ಟಿಸುವ ಬೆಂಜೊಕೇನ್ ಜೆಲ್ ಎರಡು ವರ್ಷದೊಳಗಿನ ಮಕ್ಕಳಿಗೆ ಕೂಡದು. ರಕ್ತ ಆಮ್ಲಜನಕ ಹೊರುವುದನ್ನೇ ಅದು ಕೆಡಿಸಬಹುದು. ಜ್ವರ 100.4 ಡಿಗ್ರಿ ದಾಟಿದರೆ ಅಥವಾ ಭೇದಿಯಾದರೆ, ಹಲ್ಲಿನ ಮೇಲೆ ಹೊರೆ ಹಾಕದೆ ಮಕ್ಕಳ ವೈದ್ಯರಲ್ಲಿಗೆ ಹೋಗಿ.

ಪೇಸ್ಟ್ ಮಾತ್ರ ಹೀಗೆ: ಕುಡಿಯುವ, ಬೇಯಿಸುವ ನೀರು ಸರಿಯಿದ್ದರೆ ಅಕ್ಕಿಕಾಳಿನಷ್ಟು ಫ್ಲೋರೈಡ್ ಪೇಸ್ಟ್ ದಿನಕ್ಕೆರಡು ಸಲ. ನೀರು ಇನ್ನೂ ಬದಲಾಗಿಲ್ಲವೆಂದರೆ, ಆ ನೀರಿನ ಫ್ಲೋರೈಡಿಗೆ ಪೇಸ್ಟಿನದೂ ಸೇರದಿರಲೆಂದು, ಅಲ್ಲಿಯವರೆಗೆ ಬರೀ ಬ್ರಷ್. ಮೊದಲ ಹುಟ್ಟುಹಬ್ಬದೊಳಗೆ ಒಮ್ಮೆ ದಂತವೈದ್ಯರಿಗೆ ತೋರಿಸಿ. ಹೋಗುವಾಗ ನೀರಿನ ಪರೀಕ್ಷೆಯ ಚೀಟಿ ಕೈಯಲ್ಲಿರಲಿ, ಆ ಸಂಖ್ಯೆ ನೋಡದೆ ಅವರೂ ಖಚಿತವಾಗಿ ಏನೂ ಹೇಳಲಾರರು.